ಒಂದೇ ಅಳತೆಯ ಗುಂಡಿ

ಹನೂರಿನಿಂದ ರಾಮಾಪುರ ದಾಟಿ ತಮಿಳುನಾಡಿನ ಗಡಿಯ ಕಡೆ ಹೋದರೆ ಹೂಗ್ಯಂ ಸೀಮೆ ಸಿಗುತ್ತದೆ. ಸುತ್ತ ಮಲೆ ಮಹದೇಶ್ವರ ವನ್ಯಧಾಮದ ಕಾಡು, ನಡುನಡುವೆ ಮಳೆಯನ್ನೇ ನೆಚ್ಚಿದ ಹೊಲಗಳು. ರಾಗಿ, ಮುಸುಕಿನ ಜೋಳ, ಹುರುಳಿ, ಅವರೆ. ಕೊಳವೆಬಾವಿ ಕೈ ಹಿಡಿದ ಕಡೆ ಅರಿಶಿನ, ಹಿಪ್ಪುನೇರಳೆ. 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ತಾಲ್ಲೂಕಿನ ಅಂಚು ಇದು. ಒಂದೇ ಜಗಲಿಯ ಮೇಲೆ ಕನ್ನಡವೂ ತಮಿಳೂ ಕೇಳಿಸುತ್ತವೆ. 1997ರಲ್ಲಿ ಜಿಲ್ಲೆ ಚಾಮರಾಜನಗರವಾಯಿತು, ಆಮೇಲೆ ತಾಲ್ಲೂಕು ಹನೂರಾಯಿತು. ಕೂಲಿಯ ಲೆಕ್ಕ ಮಾತ್ರ ಯಾವ ಜಿಲ್ಲೆಗೆ ಸೇರಿದಾಗಲೂ ಒಂದೇ ತೆರನಾಗಿ ನಡೆಯಿತು. ಗಂಡಾಳಿಗೊಂದು ದರ, ಹೆಣ್ಣಾಳಿಗೊಂದು ದರ.

ಅದನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ಮಳೆ ಬಿದ್ದ ವಾರಕ್ಕೆ ಊರಲ್ಲಿ ಎರಡು ಮೊತ್ತ ಓಡಾಡುತ್ತಿದ್ದವು, ಅಷ್ಟೇ. ಹೊಲದವರು ತಮ್ಮತಮ್ಮಲ್ಲೇ ಮಾತಾಡಿಕೊಂಡಿರುತ್ತಿದ್ದರು; ಆಳುಗಳು ಕೇಳಿ ತಿಳಿಯುತ್ತಿದ್ದರು.

ಆ ಎರಡು ದರಗಳ ನಡುವೆ ಬೆಳೆದ ಒಬ್ಬಾಕೆಯ ನೆನಪಿನ ಕಥೆ ಇದು. ಈಗ ನಡುವಯಸ್ಸು ಮುಟ್ಟಿರುವ ಆಕೆ ತೊಂಬತ್ತರ ದಶಕದಲ್ಲಿ ಹೂಗ್ಯಂ ಮಗ್ಗುಲ ಒಂದು ಹಳ್ಳಿಯ ಶಾಲೆಗೆ ಹೋಗುತ್ತಿದ್ದ ಹುಡುಗಿ. ಶಾಲೆಗೆ ರಜೆ ಇದ್ದ ದಿನ ಅವ್ವನ ಬೆನ್ನ ಹಿಂದೆ ಹೊಲಕ್ಕೆ ಹೋಗುವುದು ವಾಡಿಕೆ. ಅಪ್ಪ ಅವ್ವ ಇಬ್ಬರೂ ಕೂಲಿಯವರು. ಸಂತೆಯ ಹಿಂದಿನ ಸಂಜೆ ಹೊಲದವರ ಮನೆ ಮುಂದೆ ವಾರದ ಬಟವಾಡೆ. ಗಂಡಸರು ಜಗಲಿಯ ಅಂಚಿನಲ್ಲಿ, ಹೆಂಗಸರು ಅಂಗಳದಲ್ಲಿ ಕುಕ್ಕುರುಗಾಲಲ್ಲಿ. ಮೊದಲು ಗಂಡಸರ ಹೆಸರು ಹಿಡಿದು ಕರೆಯುತ್ತಿದ್ದರು. ಅವರದ್ದು ಮುಗಿದ ಮೇಲೆ ಹೆಂಗಸರ ಸರದಿ. ಅವರನ್ನು ಗಂಡನ ಹೆಸರು ಹೇಳಿ, ‘ಅವನ ಹೆಂಡ್ರು’ ಎಂದೇ ಕರೆಯುತ್ತಿದ್ದರು.

ಅದು ರಾಗಿ ಕೊಯ್ಲಿನ ವಾರ. ಅಪ್ಪನ ಕೈಗೆ ಬಂದ ನೋಟುಗಳನ್ನೂ ಅವ್ವನ ಕೈಗೆ ಬಂದದ್ದನ್ನೂ ಹುಡುಗಿ ಕಣ್ಣಲ್ಲೇ ಎಣಿಸಿದಳು. ಅವ್ವನದ್ದು ಅಪ್ಪನದ್ದರ ಅರ್ಧಕ್ಕಿಂತ ಚೂರು ಮೇಲು. ಗುಣಾಕಾರ, ಭಾಗಾಕಾರ ಹೊಸದಾಗಿ ಕಲಿತಿದ್ದ ಅವಳಿಗೆ ಲೆಕ್ಕ ತಪ್ಪಿದೆ ಅನ್ನಿಸಿತು. ಆ ವಾರವಿಡೀ ಇಬ್ಬರೂ ಒಂದೇ ಹೊಲದಲ್ಲಿ ಅಕ್ಕಪಕ್ಕದ ಸಾಲು ಹಿಡಿದು ಕೊಯ್ದದ್ದನ್ನು ಅವಳು ನೋಡಿದ್ದಳು. ಇಬ್ಬರ ಕೈಲೂ ಅದೇ ಕುಡ್ಲು. ಅವ್ವನ ಸಾಲು ಎಷ್ಟೋ ಸಲ ಮುಂದಿತ್ತು.

“ನಮ್ಮವ್ವಂಗ ಕಮ್ಮಿ ಕೊಟ್ಟವ್ರಿ, ಅಣ್ಣ,” ಎಂದಳು ಹುಡುಗಿ. ಅಂಗಳದಲ್ಲಿ ನಗು ಎದ್ದಿತು. ಹೊಲದವರು ಬೈಯಲಿಲ್ಲ, ಮಗುವಿಗೆ ಪಾಠ ಹೇಳುವಂತೆ ಹೇಳಿದರು: “ಹೆಣ್ಣಾಳ್ಗ ಹೆಣ್ಣಾಳ್ ಕೂಲಿ ಕನವ್ವ. ಗಂಡಾಳು ಹೊರ ಹೊತ್ತಾನು, ಕಣಕ್ಕ ಸಾಗ್ಸಾನು. ಅದ್ಕ.” ಅವ್ವ ಮಗಳ ರಟ್ಟೆ ಹಿಡಿದು ಎಬ್ಬಿಸಿದಳು. ದಾರಿಯಲ್ಲಿ ಅವ್ವ ಹೇಳಿದ್ದು ಇಷ್ಟೇ: “ನಾನೂ ಹೊರ ಹೊತ್ತಿವ್ನಿ ಕನ ಮೊಗ. ಕೇಳ್ದೋರ್ಯಾರು?”

ರಾಗಿ ಕೊಯ್ಲು ವರ್ಷದಲ್ಲಿ ಕೆಲವೇ ವಾರ. ಮಿಕ್ಕ ದಿನಗಳಲ್ಲಿ ಆ ಪ್ರಶ್ನೆ ಕೇಳುವುದಕ್ಕೂ ಆಸ್ಪದವಿರಲಿಲ್ಲ, ಏಕೆಂದರೆ ಇಬ್ಬರ ಕೆಲಸವೇ ಬೇರೆ. ಉಳುಮೆ, ಕುಂಟೆ ಹೊಡೆಯುವುದು, ಬದು ಹಾಕುವುದು, ಔಷಧಿ ಸಿಂಪಡಿಸುವುದು, ಮೂಟೆ ಹೊರುವುದು ಗಂಡಾಳಿನದು. ಕಳೆ ಕೀಳುವುದು, ಪೈರು ನಾಟಿ, ಹುರುಳಿ ಅವರೆ ಬಿಡಿಸುವುದು, ಅರಿಶಿನದ ಗೆಡ್ಡೆ ಆಯ್ದು ಬೇರು ತೆಗೆಯುವುದು, ಹಿಪ್ಪುನೇರಳೆ ಸೊಪ್ಪು ಕೊಯ್ಯುವುದು ಹೆಣ್ಣಾಳಿನದು. ಗಂಡಾಳಿನ ಪಟ್ಟಿಯಲ್ಲಿದ್ದ ಕೆಲಸಕ್ಕೆಲ್ಲ ‘ಭಾರ’ ಎಂಬ ಹೆಸರಿತ್ತು. ಬಿಸಿಲಲ್ಲಿ ಬೆಳಗಿನಿಂದ ಬೈಗಿನವರೆಗೆ ಸೊಂಟ ಬಗ್ಗಿಸಿ ಕಳೆ ಕಿತ್ತ ಬೆನ್ನು ರಾತ್ರಿ ನೆಟ್ಟಗಾಗದೆ ಅವ್ವ ಗೋಡೆಗೆ ಒರಗಿ ಕೂರುತ್ತಿದ್ದಳು. ಆ ಭಾರ ತೂಕಕ್ಕೆ ಸಿಗುವಂಥದ್ದಲ್ಲ. ಕಳೆ ಉಳಿದರೆ ರಾಗಿಯ ಇಳುವರಿಯೇ ಬೀಳುತ್ತದೆ ಎಂದು ಊರಿಗೆಲ್ಲ ಗೊತ್ತಿತ್ತು. ಆದರೂ ಅದು ಹಗುರ ಕೆಲಸವೇ ಆಗಿ ಉಳಿಯಿತು.

ಗಂಡಸರ ಪಟ್ಟಿಯ ಕೆಲಸಗಳು ಒಂದೊಂದಾಗಿ ಯಂತ್ರದ ಪಾಲಾದವು. ಉಳುಮೆಗೆ ಟ್ರ್ಯಾಕ್ಟರ್ ಬಂತು, ಒಕ್ಕಣೆಗೆ ಮಿಷನ್ ಬಂತು, ಗಂಡಾಳಿನ ಕೆಲಸ ಹಗುರಾಯಿತು. ಅದಕ್ಕಾಗಿ ಗಂಡಾಳಿನ ದರ ಇಳಿಯಲಿಲ್ಲ. ಕಳೆ ಕೀಳುವುದು ಮೊದಲಿನಂತೆಯೇ ಕೈಯ ಕೆಲಸವಾಗಿ ಉಳಿಯಿತು.

ಇಷ್ಟೆಲ್ಲ ನಡೆಯುತ್ತಿದ್ದಾಗ ದೇಶದಲ್ಲಿ ಸಮಾನ ವೇತನದ ಕಾನೂನು ಇತ್ತು. ಸಮಾನ ಕೆಲಸಕ್ಕೆ ಗಂಡು ಹೆಣ್ಣಿಗೆ ಸಮಾನ ವೇತನ ಸಿಗುವಂತೆ ಸರ್ಕಾರ ನಡೆದುಕೊಳ್ಳಬೇಕು ಎಂದು ಸಂವಿಧಾನದ 39ನೇ ವಿಧಿ ಹೇಳಿದೆ. 1975 ಅಂತರರಾಷ್ಟ್ರೀಯ ಮಹಿಳಾ ವರ್ಷ. ಆ ವರ್ಷದ ಸೆಪ್ಟೆಂಬರ್ 26ರಂದು ಸಮಾನ ವೇತನದ ಸುಗ್ರೀವಾಜ್ಞೆ ಹೊರಟಿತು, 1976ರಲ್ಲಿ ಅದು ಕಾಯ್ದೆಯಾಯಿತು. ಒಂದೇ ಬಗೆಯ ಅಥವಾ ಹೋಲುವ ಕೆಲಸಕ್ಕೆ ಹೆಣ್ಣೆಂಬ ಕಾರಣಕ್ಕೆ ಕಡಿಮೆ ಕೊಡುವಂತಿಲ್ಲ. ಸಮ ಮಾಡುವ ನೆಪದಲ್ಲಿ ಯಾರ ಕೂಲಿಯನ್ನೂ ಇಳಿಸುವಂತಿಲ್ಲ. ಕಾಯ್ದೆ ಇದನ್ನು ಸ್ಪಷ್ಟವಾಗಿಯೇ ಹೇಳಿತ್ತು.

ಆ ಕಾಯ್ದೆ ಹಿಡಿದು ಗೆದ್ದವರೂ ಇದ್ದಾರೆ. ಬೊಂಬಾಯಿಯ ಮೆಕಿನನ್ ಮೆಕೆಂಝಿ ಹಡಗು ಕಂಪನಿಯಲ್ಲಿ ಸ್ಟೆನೋಗ್ರಾಫರ್ ಆಗಿದ್ದ ಆಡ್ರಿ ಡಿಕಾಸ್ಟಾ ತಮಗೂ ತಮ್ಮಂಥ ಇತರ ಹೆಣ್ಣುಮಕ್ಕಳಿಗೂ ಗಂಡು ಸ್ಟೆನೋಗ್ರಾಫರುಗಳಿಗಿಂತ ಕಡಿಮೆ ಸಂಬಳ ಕೊಡುತ್ತಿದ್ದಾರೆಂದು ದೂರಿದರು. ಹಿರಿಯ ಅಧಿಕಾರಿಗಳ ಬಳಿ ಕೆಲಸ ಮಾಡುವ ಈ ಹೆಣ್ಣುಮಕ್ಕಳದು ಬೇರೆಯೇ ವರ್ಗ, ಸಂಬಳವೂ ಯೂನಿಯನ್ ಜೊತೆಗಿನ ಒಪ್ಪಂದದಂತೆಯೇ ಇದೆ ಎಂದು ಕಂಪನಿ ವಾದಿಸಿತು. 1987ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಕೆಲಸ ಒಂದೇ ಆಗಿರುವಾಗ ವರ್ಗದ ಹೆಸರು ಬೇರೆ ಮಾಡಿ ಸಂಬಳ ಕಡಿಮೆ ಮಾಡಲಾಗದು, ಕಂಪನಿಯ ಬಳಿ ಹಣವಿಲ್ಲವೆಂಬುದೂ ಕಾರಣವಾಗದು ಎಂದಿತು. ಅಲ್ಲಿ ಹೋಲಿಸಿ ನೋಡಲು ಒಂದೇ ಕಚೇರಿ ಇತ್ತು, ಸಂಬಳದ ಕಾಗದವಿತ್ತು, ದೂರು ಕೇಳುವ ಅಧಿಕಾರಿಯಿದ್ದ. ಹೂಗ್ಯಂನ ಅಂಗಳದಲ್ಲಿ ಇವು ಯಾವುದೂ ಇರಲಿಲ್ಲ. ಕಳೆ ಕೀಳುವ ಗಂಡಸೇ ಇಲ್ಲದ ಹೊಲದಲ್ಲಿ ಅವ್ವ ತನ್ನ ಕೂಲಿಯನ್ನು ಯಾರ ಕೂಲಿಗೆ ಹೋಲಿಸಬೇಕಿತ್ತು?

ಕೇಂದ್ರ ಸರ್ಕಾರದ ಕಾರ್ಮಿಕ ಬ್ಯೂರೋ ಪ್ರತಿ ತಿಂಗಳೂ ಗ್ರಾಮೀಣ ಕೂಲಿದರದ ಪಟ್ಟಿ ಪ್ರಕಟಿಸುತ್ತದೆ. ಗಂಡು, ಹೆಣ್ಣು ಎಂದು ಎರಡು ಅಂಕಣ. ಉಳುಮೆಯಂಥ ಸಾಲುಗಳಿಗೆ ಬಂದರೆ ಹಲವು ರಾಜ್ಯಗಳ ಎದುರು ಹೆಣ್ಣಿನ ಅಂಕಣದಲ್ಲಿ ಬರೀ ಗೀಟು ಇರುತ್ತದೆ. ಎರಡು ಪಟ್ಟಿಯ ಕೆಲಸ ಎಷ್ಟು ದೂರ ದೂರ ನಿಂತಿದೆ ಎಂಬುದಕ್ಕೆ ಸರ್ಕಾರದ ಪುಟವೇ ಸಾಕ್ಷಿ.

ತೊಂಬತ್ತರ ದಶಕ ಆ ಸೀಮೆಗೆ ಬಲು ಕೆಟ್ಟ ಕಾಲ. ಕಾಡುಗಳ್ಳ ವೀರಪ್ಪನ್ ಗುಂಪಿನ ಬೇಟೆಗೆಂದು ಕರ್ನಾಟಕ, ತಮಿಳುನಾಡು ಪೊಲೀಸರ ವಿಶೇಷ ಪಡೆಗಳು ಬೀಡುಬಿಟ್ಟಿದ್ದವು. 1992ರಲ್ಲಿ ರಾಮಾಪುರದ ಪೊಲೀಸ್ ಠಾಣೆಯ ಮೇಲೇ ದಾಳಿ ನಡೆಯಿತು. ಕಾಡಿಗೆ ಸೌದೆಗೆ ಹೋಗುವುದಕ್ಕೂ ಹೆದರಿಕೆ, ಊರಲ್ಲಿರುವುದಕ್ಕೂ ಹೆದರಿಕೆ. ಎಷ್ಟೋ ಮನೆಗಳ ಗಂಡಸರು ಕಲ್ಲು ಕ್ವಾರಿಗೋ ಕೊಡಗಿನ ತೋಟಕ್ಕೋ ಹೋಗಿ ಉಳಿದರು. ಒಲೆ ಉರಿಯುವುದು ಹೆಣ್ಣಾಳಿನ ಕೂಲಿಯಿಂದಲೇ ಆಯಿತು. ‘ಗಂಡಾಳು ಸಂಸಾರ ಸಾಕ್ಬೇಕಲ್ಲ, ಅದ್ಕ ಜಾಸ್ತಿ’ ಎಂಬ ಮಾತು ಊರಲ್ಲಿ ಹಳೆಯದು. ಈಗ ಸಂಸಾರ ಸಾಕುತ್ತಿದ್ದವಳು ಹೆಂಗಸು. ದರ ಮಾತ್ರ ಅದೇ.

ಹುಡುಗಿಯ ಚಿಕ್ಕಮ್ಮ ಆಗ ಕೊಳ್ಳೇಗಾಲಕ್ಕೆ ಹೋದಳು. ರೇಷ್ಮೆ ಸೀರೆಗೆ ಹೆಸರಾದ ಊರು ಅದು. ಗೂಡಿನ ವ್ಯಾಪಾರವೂ ಜೋರು, ನೂಲು ಬಿಚ್ಚಾಣಿಕೆಯ ಮನೆಗಳೂ ಬೇಕಾದಷ್ಟು. ಅಂಥ ಒಂದು ಕಡೆ ಚಿಕ್ಕಮ್ಮನಿಗೆ ಕೆಲಸ ಸಿಕ್ಕಿತು. ರಜೆಗೆ ಹೋದ ಹುಡುಗಿ ಅಲ್ಲಿ ಕೂತು ನೋಡಿದ್ದನ್ನು ಇವತ್ತಿಗೂ ಬಿಡಿಸಿ ಹೇಳುತ್ತಾಳೆ. ಬೇಯಿಸಿದ ಗೂಡುಗಳು ಬಿಸಿನೀರಿನಲ್ಲಿ ತೇಲುತ್ತಿರುತ್ತವೆ. ಸತ್ತ ಹುಳುವಿನ ವಾಸನೆ ಮೂಗಿಗೆ ಅಡರುತ್ತದೆ. ಚಿಕ್ಕಮ್ಮ ನೀರಿಗೆ ಬೆರಳು ಅದ್ದಿ ಗೂಡಿನ ಎಳೆಯ ತುದಿ ಹುಡುಕುತ್ತಾಳೆ. ಕೂದಲಿಗಿಂತ ಸಣ್ಣ ಎಳೆ. ಕಣ್ಣಿಗಿಂತ ಮೊದಲು ಬೆರಳಿಗೆ ಸಿಗುತ್ತದೆ. ಹಾಗೆ ಹಲವು ಗೂಡಿನ ಎಳೆಗಳನ್ನು ಕೂಡಿಸಿ ಒಂದು ನೂಲು ಮಾಡಬೇಕು. ನಡುವೆ ಒಂದು ಗೂಡು ಮುಗಿದರೆ ನೂಲು ತೆಳುವಾಗುತ್ತದೆ, ಆ ಕ್ಷಣಕ್ಕೆ ಇನ್ನೊಂದರ ತುದಿ ಸೇರಿಸಬೇಕು. ಹೆಚ್ಚಾದರೆ ನೂಲು ದಪ್ಪ, ಕಡಿಮೆಯಾದರೆ ಕಡಿತ. ಸಂಜೆಗೆ ಚಿಕ್ಕಮ್ಮನ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿ, ಅನ್ನ ಕಲಸಲಾಗದೆ ಚಮಚ ಹಿಡಿಯುತ್ತಿದ್ದಳು.

ಇಷ್ಟು ಕುಸುರಿಯ ಕೆಲಸಕ್ಕೆ ಆ ಮನೆಯಲ್ಲಿ ಕೊಡುತ್ತಿದ್ದದ್ದು ಒಲೆಗೆ ಸೌದೆ ಹಾಕಿ ಮೂಟೆ ಇಳಿಸುವ ಗಂಡಾಳಿಗಿಂತ ಕಡಿಮೆ. ಕೇಳಿದರೆ ಬಂದ ಉತ್ತರ ಹೂಗ್ಯಂನ ಅಂಗಳದ್ದೇ: ಅವನದ್ದು ಭಾರದ ಕೆಲಸ, ನಿಂದು ಕೂತು ಮಾಡೋ ಕೆಲಸ.

ಕುಶಲ ಕೆಲಸ ಯಾವುದು, ಅಕುಶಲ ಯಾವುದು ಎಂದು ತೀರ್ಮಾನಿಸುವವರು ಯಾರು? ಇದೇ ಪ್ರಶ್ನೆ ಹಿಡಿದು ಇಂಗ್ಲೆಂಡಿನ ಡಾಗೆನ್‌ಹ್ಯಾಂನ ಫೋರ್ಡ್ ಕಾರು ಕಾರ್ಖಾನೆಯಲ್ಲಿ 1968ರ ಜೂನ್‌ನಲ್ಲಿ 187 ಹೆಣ್ಣುಮಕ್ಕಳು ಹೊಲಿಗೆ ಯಂತ್ರ ನಿಲ್ಲಿಸಿದ್ದರು. ಕಾರಿನ ಸೀಟಿನ ಹೊದಿಕೆ ಹೊಲಿಯುತ್ತಿದ್ದ ಅವರನ್ನು ಕಂಪನಿ ಕಡಿಮೆ ಕುಶಲತೆಯ ದರ್ಜೆಗೆ ಹಾಕಿತ್ತು, ಆ ದರ್ಜೆಯ ಗಂಡಸರಿಗಿಂತಲೂ ಕಡಿಮೆ ಸಂಬಳ ಕೊಡುತ್ತಿತ್ತು. ಸೀಟಿಲ್ಲದೆ ಕಾರು ಹೊರಡದು. ಮೂರು ವಾರದಲ್ಲಿ ಕಾರ್ಖಾನೆಯೇ ನಿಂತಿತು. ಸಚಿವೆ ಬಾರ್ಬರಾ ಕ್ಯಾಸಲ್ ಅವರ ಮಧ್ಯಸ್ಥಿಕೆಯಲ್ಲಿ ಗಂಡಸರ ದರದ ಶೇ. 92ರಷ್ಟು ಸಿಕ್ಕಿತು. 1970ರಲ್ಲಿ ಬ್ರಿಟನ್‌ನಲ್ಲಿ ಸಮಾನ ವೇತನ ಕಾಯ್ದೆ ಬರಲು ಆ ಮುಷ್ಕರ ಒಂದು ದೊಡ್ಡ ಕಾರಣ. ಆದರೆ ಅವರ ಮೊದಲ ಬೇಡಿಕೆ ಹೊಲಿಗೆಯನ್ನು ಕುಶಲ ಕೆಲಸವೆಂದು ಒಪ್ಪಬೇಕು ಎಂಬುದು. ಅದು ಈಡೇರಲು 1984ರಲ್ಲಿ ಮತ್ತೊಮ್ಮೆ ಮುಷ್ಕರ ಹೂಡಬೇಕಾಯಿತು. ಕಾನೂನು ಬಂದ ಮೇಲೂ ಹದಿನಾಲ್ಕು ವರ್ಷ!

ಹೂಗ್ಯಂನ ಹುಡುಗಿ ರಾಮಾಪುರದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಮದುವೆಯಾಗಿ, ಅದೇ ಸೀಮೆಯ ಇನ್ನೊಂದು ಹಳ್ಳಿಗೆ ಹೋದಳು. ಅವಳೂ ಕೂಲಿಗೆ ಹೋದಳು. ಅವ್ವನಿಗೆ ಸಿಗುತ್ತಿದ್ದದ್ದಕ್ಕಿಂತ ಹೆಚ್ಚು ರೂಪಾಯಿ ಸಿಗುತ್ತಿತ್ತು, ಗಂಡನ ಕೂಲಿಯೂ ಅಷ್ಟೇ ಏರಿತ್ತು. ಅಂತರ ಅಲ್ಲೇ ಇತ್ತು.

ಉದ್ಯೋಗ ಖಾತ್ರಿ ಬಂದದ್ದು ಆಗ. 2005ರ ಕಾಯ್ದೆ 2006ರ ಫೆಬ್ರುವರಿಯಲ್ಲಿ ದೇಶದ 200 ಜಿಲ್ಲೆಗಳಲ್ಲಿ ಶುರುವಾಗಿ, ಮೂರನೆಯ ಹಂತದಲ್ಲಿ, 2008ರ ಏಪ್ರಿಲ್ 1ರಿಂದ ಚಾಮರಾಜನಗರಕ್ಕೂ ಬಂತು. ಪಂಚಾಯಿತಿಯವರು ಗಂಡ ಹೆಂಡತಿಯನ್ನು ಒಟ್ಟಿಗೆ ನಿಲ್ಲಿಸಿ ಫೋಟೋ ಹಿಡಿದು ಜಾಬ್ ಕಾರ್ಡ್ ಕೊಟ್ಟರು. ಕಾಯ್ದೆಯಲ್ಲಿ ಹೆಣ್ಣುಮಕ್ಕಳಿಗಾಗಿ ಹೇಳಿದ್ದು ಕಡಿಮೆಯೇನಲ್ಲ. ಕೆಲಸ ಪಡೆಯುವವರಲ್ಲಿ ಮೂರನೇ ಒಂದು ಪಾಲಾದರೂ ಹೆಣ್ಣುಮಕ್ಕಳಿರಬೇಕು. ಕೂಲಿಯಲ್ಲಿ ಗಂಡು ಹೆಣ್ಣೆಂಬ ಭೇದ ಕೂಡದು. ಕೆಲಸ ಊರಿನ ಐದು ಕಿಲೋಮೀಟರ್ ಒಳಗೆ ಸಿಗಬೇಕು, ಆಚೆಗಾದರೆ ಶೇ. 10ರಷ್ಟು ಹೆಚ್ಚು ಕೊಡಬೇಕು. ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳು ಜೊತೆಗೆ ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬಾಕೆಯನ್ನು ಬಿಡಬೇಕು, ಅವಳಿಗೂ ಅದೇ ಕೂಲಿ.

ಮೊದಲ ದೊಡ್ಡ ಕೆಲಸ ಹೊಲದ ಇಳಿಜಾರಿಗೆ ಅಡ್ಡಲಾಗಿ ಕಂದಕ ತೋಡಿ ಬದು ಹಾಕುವುದು. ಇಂಜಿನಿಯರ್ ಬಂದು ಸುಣ್ಣದ ಪುಡಿಯಲ್ಲಿ ಗೆರೆ ಎಳೆದರು. ಉದ್ದ ಇಷ್ಟು, ಅಗಲ ಇಷ್ಟು, ಆಳ ಇಷ್ಟು. ಬದು ಹಾಕುವುದು ಊರ ಲೆಕ್ಕದಲ್ಲಿ ಗಂಡಾಳಿನ ಪಟ್ಟಿಯ ಕೆಲಸ. ಆದರೆ ಗಂಡಸರು ಅನೇಕರು ಕ್ವಾರಿಯಲ್ಲಿದ್ದರು. ಹೆಂಗಸರೇ ಗುಂಪು ಕಟ್ಟಿಕೊಂಡು ಗುದ್ದಲಿ, ಹಾರೆ, ಬಾಂಡ್ಲಿ ಹಿಡಿದು ಇಳಿದರು. ಆಕೆಯೂ ಇದ್ದಳು, ತವರಿನಿಂದ ಬಂದಿದ್ದ ಅವಳ ಅವ್ವನ ವಾರಿಗೆಯವರೂ ಇದ್ದರು. ಮೇಲೆ ಕೆಂಪು ಮಣ್ಣು, ಮೊಣಕಾಲುದ್ದ ಇಳಿಯುತ್ತಲೇ ಗರಸು. ಹಾರೆ ಹಾಕಿದರೆ ಕಿಡಿ ಬರುತ್ತಿತ್ತು. ಒಬ್ಬರು ಅಗೆದು, ಒಬ್ಬರು ತುಂಬಿ, ಒಬ್ಬರು ಸಿಂಬೆ ಮೇಲೆ ಬಾಂಡ್ಲಿ ಹೊತ್ತು ಮಣ್ಣನ್ನು ಏರಿಗೆ ಹಾಕಿದರು. ಕೈ ಬೊಬ್ಬೆ ಎದ್ದಾಗ ಸರದಿ ಬದಲಾಯಿಸಿಕೊಂಡರು. ಪಕ್ಕದ ಕಂದಕದಲ್ಲಿ ಗಂಡಸರ ಒಂದು ಗುಂಪಿತ್ತು.

ವಾರದ ಕೊನೆಗೆ ಅಳತೆ. ಇಂಜಿನಿಯರ್ ಟೇಪಿನ ಒಂದು ತುದಿ ಆಕೆಯ ಕೈಗೆ ಕೊಟ್ಟು ಕಂದಕದ ಆ ಕೊನೆಯವರೆಗೆ ಹೋಗು ಅಂದರು. ಉದ್ದ ಅಳೆದರು, ಅಗಲ ಅಳೆದರು, ಆಳವನ್ನು ಮೂರು ಕಡೆ ಕೋಲಿಟ್ಟು ನೋಡಿದರು. ಪುಸ್ತಕದಲ್ಲಿ ಬರೆದುಕೊಂಡರು. ಆಮೇಲೆ ಗಂಡಸರ ಕಂದಕ. ಎರಡೂ ಹೆಚ್ಚುಕಡಿಮೆ ಒಂದೇ ಘನ ಅಳತೆ. “ಹಂಗಾರ ಹೆಂಗಸ್ರಿಗೂ ಅಷ್ಟೇ ಕೂಲಿಯಾ, ಸಾರ್?” ಎಂದು ಗುಂಪಿನಲ್ಲೊಬ್ಬ ಕೇಳಿದ. “ನಾನು ಗುಂಡಿ ಅಳೆದಿದ್ದೀನಪ್ಪ,” ಎಂದು ಇಂಜಿನಿಯರ್ ಟೇಪು ಸುತ್ತಿಕೊಂಡರು. ಅವರಿಗೆ ಅದು ದಿನನಿತ್ಯದ ಮಾತು. ಆಕೆಗೆ ಮಾತ್ರ ಅಂಗಳದಲ್ಲಿ ನೋಟು ಎಣಿಸಿದ ಸಂಜೆಯಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಲೆಕ್ಕ ಅವತ್ತು ಸರಿಹೋದಂತಾಯಿತು.

ಎನ್‌ಎಂಆರ್‌ ಎಂಬ ಹಾಜರಿ ಹಾಳೆಯಲ್ಲಿ ಪ್ರತಿಯೊಬ್ಬಳ ಹೆಸರೂ ಅವಳದ್ದೇ ಸಾಲಿನಲ್ಲಿ ಇತ್ತು. ‘ಅವನ ಹೆಂಡ್ರು’ ಎಂದು ಕರೆಯಿಸಿಕೊಂಡೇ ಅರ್ಧ ಆಯುಸ್ಸು ಕಳೆದವರು ತಮ್ಮ ಹೆಸರಿನ ಎದುರು ಹೆಬ್ಬೆಟ್ಟು ಒತ್ತಿದರು.

ಎಲ್ಲವೂ ಸುಸೂತ್ರವಾಗಿತ್ತು ಎಂದಲ್ಲ. ಮೊದಮೊದಲು ಎಷ್ಟೋ ಮನೆಗಳಲ್ಲಿ ಖಾತೆ ಗಂಡನ ಹೆಸರಲ್ಲೇ ಇತ್ತು, ದುಡ್ಡು ಅವನ ಕೈಗೇ ಹೋಯಿತು. ಗರಸು ನೆಲ ಸಿಕ್ಕವರಿಗೆ ಅಳತೆ ಕಡಿಮೆ ಬಂದು ಕೂಲಿ ಕಡಿತವಾಯಿತು. ಹದಿನೈದು ದಿನದೊಳಗೆ ಬರಬೇಕಾದ ದುಡ್ಡು ತಿಂಗಳುಗಟ್ಟಲೆ ಬರಲಿಲ್ಲ. ಅದನ್ನು ವಿಚಾರಿಸಲು ಬ್ಯಾಂಕಿಗೆ ಹೋಗಿಬರುವುದೇ ಒಂದು ದಿನದ ಕೂಲಿ. ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಬಹುಪಾಲು ಕಾಗದದಲ್ಲೇ ಉಳಿದು, ಕೂಸುಗಳು ಮರದ ಕೊಂಬೆಗೆ ಕಟ್ಟಿದ ಸೀರೆಯ ಜೋಲಿಯಲ್ಲಿ ಮಲಗಿದವು. ಆಮೇಲೆ ಒಬ್ಬೊಬ್ಬರಿಗೂ ಬೇರೆ ಖಾತೆಯಾಯಿತು. ಅಂಥ ಪಾಸ್‌ಬುಕ್ಕು ಹಿಡಿದು ಹೋಗಿ ಆಕೆ ಮೊದಲು ಮಾಡಿದ ಕೆಲಸ, ಗಿರವಿ ಇಟ್ಟಿದ್ದ ಓಲೆ ಬಿಡಿಸಿಕೊಂಡದ್ದು.

ಕರ್ನಾಟಕದಲ್ಲಿ ಖಾತ್ರಿ ಕೂಲಿ 2011ರಲ್ಲಿ ದಿನಕ್ಕೆ 125 ರೂಪಾಯಿ, 2012ರಲ್ಲಿ 155, 2025ರಲ್ಲಿ 370. ಈ ದರ ಪಂಚಾಯಿತಿಯ ಗೋಡೆಯ ಮೇಲೆ ಬರೆದಿರುತ್ತಿತ್ತು. ಅದರ ಪರಿಣಾಮ ಹೊಲಕ್ಕೂ ಇಳಿಯಿತು. ಕಳೆ ಕೀಳುವ ಕಾಲಕ್ಕೆ ಹೊಲದವರು ಹಿಂದಿನಂತೆ ಹೇಳಿಕಳಿಸದೆ ತಾವೇ ಹೆಣ್ಣಾಳುಗಳ ಮನೆ ಬಾಗಿಲಿಗೆ ಬಂದರು. “ಖಾತ್ರಿಲಿ ಅಷ್ಟು ಕೊಡ್ತಾರ, ಅಣ್ಣ. ನೀವೂ ಕೊಡಿ, ಬತ್ತೀವಿ,” ಎಂದು ಹೆಂಗಸರು ಹೇಳುವಂತಾಯಿತು. ‘ಖಾತ್ರಿ ಬಂದು ಆಳು ಕೆಟ್ಟರು’ ಎಂಬ ದೂರು ಊರಲ್ಲಿ ಎದ್ದದ್ದೂ ಆಗಲೇ. ಹೆಣ್ಣಾಳಿನ ಕೂಲಿ ಏರಿತು, ಗಂಡಾಳಿನ ಕೂಲಿಯ ಹತ್ತಿರಕ್ಕೆ ಬಂತು, ಆದರೆ ಸಮವಾಗಲಿಲ್ಲ. ಈ ಯೋಜನೆಯಿಂದ ಹಳ್ಳಿಗಳಲ್ಲಿ ಗಂಡಾಳಿಗಿಂತ ಹೆಣ್ಣಾಳಿನ ಕೂಲಿ ಹೆಚ್ಚು ಸುಧಾರಿಸಿತು ಎಂಬುದನ್ನು ಅರ್ಥಶಾಸ್ತ್ರಜ್ಞರ ಅಧ್ಯಯನಗಳೂ ಕಂಡಿವೆ. ಮೂರನೇ ಒಂದು ಪಾಲು ಹೆಣ್ಣುಮಕ್ಕಳಿರಲಿ ಎಂದು ಕಾಯ್ದೆ ಕೇಳಿದ್ದರೆ, 2023–24ರಲ್ಲಿ ದೇಶದ ಲೆಕ್ಕದಲ್ಲಿ ಅವರ ಪಾಲು ಶೇ. 58 ದಾಟಿತ್ತು. ಸಮ ಕೂಲಿ ಸಿಗುವ ಕಡೆಗೆ ಅವರು ತಾವಾಗಿಯೇ ನಡೆದು ಬಂದರು.

ಆಕೆ ಆಮೇಲೆ ಕಾಯಕ ಬಂಧುವಾದಳು. ಗುಂಪಿನ ಹಾಜರಿ ಬರೆಯುವುದು, ಕೆಲಸ ಕೇಳುವ ಅರ್ಜಿಯಾದ ನಮೂನೆ 6 ತುಂಬಿಸಿ ಪಂಚಾಯಿತಿಯಿಂದ ಸ್ವೀಕೃತಿ ಪಡೆಯುವುದು, ಅಳತೆಯ ದಿನ ಟೇಪು ಹಿಡಿಯುವುದು ಅವಳ ಕೆಲಸ. ಹಾಜರಿ ಬರೆಯುತ್ತಾ ಬರೆಯುತ್ತಾ ಅವಳಿಗೆ ಒಂದು ವಿಷಯ ಮನದಟ್ಟಾಯಿತು. ಕಂದಕದಲ್ಲಿ ಸಮ ಕೂಲಿ ಸಿಕ್ಕಿದ್ದಕ್ಕೆ ಎರಡು ಕಾರಣ. ಒಂದು, ಗಂಡಾಳಿನ ಪಟ್ಟಿ, ಹೆಣ್ಣಾಳಿನ ಪಟ್ಟಿ ಎಂಬ ಗೋಡೆ ಅಲ್ಲಿ ಬಿದ್ದಿತ್ತು. ಇನ್ನೊಂದು, ದರ ಎಲ್ಲರ ಕಣ್ಣಿಗೆ ಬೀಳುವಂತೆ ಬರೆದಿತ್ತು. ಈ ಎರಡೂ ಇಲ್ಲದ ಕಡೆ ಕಾನೂನು ಇದ್ದೂ ಕೈಗೆ ಸಿಗದು.

ಅಂಥ ಕಡೆಗಳು ಅವಳ ಮನೆಯವರ ಬದುಕಿನಲ್ಲೇ ಇವೆ. ಅವಳ ನಾದಿನಿ ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಟೈಲರ್. ಹೊಲಿಗೆಯ ಸಾಲುಗಳಲ್ಲಿ ಕೂತವರು ಹೆಚ್ಚಿನಂಶ ಹೆಣ್ಣುಮಕ್ಕಳು. ಬಟ್ಟೆ ಕತ್ತರಿಸುವ ಮಾಸ್ಟರು, ಸೂಪರ್‌ವೈಸರು ಹೆಚ್ಚಿನಂಶ ಗಂಡಸರು, ಸಂಬಳವೂ ಹೆಚ್ಚು. ಒಂದೇ ಯಂತ್ರದಲ್ಲಿ ಕೂತ ಗಂಡಿಗೂ ಹೆಣ್ಣಿಗೂ ಅಲ್ಲಿ ಒಂದೇ ದರವಿರಬಹುದು, ಕಾನೂನಿಗೆ ಅಷ್ಟು ಸಾಕು.  

ಅಂಗನವಾಡಿಯದು ಇನ್ನೂ ಬೇರೆ ಕಥೆ. ಸಮಾನ ವೇತನದ ಸುಗ್ರೀವಾಜ್ಞೆ ಹೊರಟ ಮರುವಾರವೇ, 1975ರ ಅಕ್ಟೋಬರ್ 2ರಂದು, ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು. ಕರ್ನಾಟಕದಲ್ಲಿ ಅದರ ಮೊದಲ ತಾಲ್ಲೂಕು ಕೊಳ್ಳೇಗಾಲದ ನೆರೆಯ ತಿ. ನರಸೀಪುರ. ಮಕ್ಕಳ ಊಟ, ಪಾಠ, ತೂಕ, ಚುಚ್ಚುಮದ್ದಿನ ಪಟ್ಟಿ, ಬಸುರಿ ಬಾಣಂತಿಯರ ಲೆಕ್ಕ ಎಲ್ಲ ಹೊತ್ತವರು ಹೆಂಗಸರು. ಅವರಿಗೆ ಕೊಟ್ಟದ್ದು ಗೌರವಧನ, ಹಾಗಾಗಿ ಕನಿಷ್ಠ ವೇತನದ ಕಾನೂನೂ ಅವರಿಗೆ ಅನ್ವಯಿಸಲಿಲ್ಲ. 2017ರ ಮಾರ್ಚ್‌ನಲ್ಲಿ ಸಾವಿರಾರು ಅಂಗನವಾಡಿ ನೌಕರರು ಬೆಂಗಳೂರಿನ ಫ್ರೀಡಂ ಪಾರ್ಕಿನ ಬಳಿ ರಸ್ತೆಯಲ್ಲೇ ರಾತ್ರಿ ಕಳೆದರು. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಇವರಿಗೆ ಗ್ರಾಚ್ಯುಟಿಯ ಹಕ್ಕಿದೆ ಎಂದು ತೀರ್ಪು ಕೊಟ್ಟಿತು. ಹೆಂಗಸರೇ ಮಾಡುವ ಕೆಲಸವಾದ್ದರಿಂದ ಇಲ್ಲಿ ಗಂಡಸಿನ ಸಂಬಳ ತೋರಿಸಿ ಸಮ ಕೇಳಲು ದಾರಿಯೇ ಇಲ್ಲ.

ಈ ತೊಡಕು ತಿಳಿದೇ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1951ರ ತನ್ನ 100ನೇ ಒಡಂಬಡಿಕೆಯಲ್ಲಿ ಸಮಾನ ಮೌಲ್ಯದ ಕೆಲಸಕ್ಕೆ ಸಮಾನ ವೇತನ ಎಂದು ಬರೆಯಿತು. ಕೆಲಸ ಬೇರೆಯಾದರೂ ಅದಕ್ಕೆ ಬೇಕಾದ ಕೌಶಲ, ಶ್ರಮ, ಹೊಣೆ ತೂಗಿ ನೋಡಿ ಎಂದರ್ಥ. 1958ರಲ್ಲಿ ಭಾರತ ಅದನ್ನು ಅನುಮೋದಿಸಿತು. ಆದರೂ 1976ರ ಕಾಯ್ದೆ ಒಂದೇ ಬಗೆಯ ಅಥವಾ ಹೋಲುವ ಕೆಲಸಕ್ಕೇ ನಿಂತಿತು. ಅದರ ಜಾಗಕ್ಕೆ ಬಂದ 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ, ಅಲ್ಲೂ ಅದೇ ಮಾತಿದೆ. ಅವ್ವನ ಕಳೆಯನ್ನು ಅಪ್ಪನ ಕುಂಟೆಯ ಪಕ್ಕದಲ್ಲಿಟ್ಟು ತೂಗುವ ತಕ್ಕಡಿ ಇನ್ನೂ ಬರಬೇಕಾಗಿದೆ.

ಸಮ ಎಂದು ಬರೆದ ಮೇಲೂ ಅಂತರ ಉಳಿಯುವುದನ್ನು ಕ್ರಿಕೆಟ್ಟಿನಲ್ಲೂ ನೋಡಬಹುದು. 2022ರ ಅಕ್ಟೋಬರ್‌ನಲ್ಲಿ ಕ್ರಿಕೆಟ್ ಮಂಡಳಿ ಭಾರತದ ಹೆಣ್ಣು ಗಂಡು ಆಟಗಾರರಿಗೆ ಸಮಾನ ಪಂದ್ಯ ಶುಲ್ಕ ಘೋಷಿಸಿತು. ಟೆಸ್ಟಿಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ20ಗೆ 3 ಲಕ್ಷ. ಅದು ದೊಡ್ಡ ಹೆಜ್ಜೆಯೇ. ಆದರೆ ಆ ಹೊತ್ತಿನ ವಾರ್ಷಿಕ ಗುತ್ತಿಗೆಯಲ್ಲಿ ಗಂಡಸರ ಮೇಲಿನ ದರ್ಜೆಗೆ 7 ಕೋಟಿ, ಹೆಣ್ಣುಮಕ್ಕಳ ಮೇಲಿನ ದರ್ಜೆಗೆ 50 ಲಕ್ಷ.

ಈಗ ಆಕೆಯ ಮುಂದಿರುವ ಆತಂಕ ಹೊಸದು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಉದ್ಯೋಗ ಖಾತ್ರಿಯ ಜಾಗಕ್ಕೆ ಬೇರೊಂದು ಕಾಯ್ದೆಯನ್ನು ಅಂಗೀಕರಿಸಿತು. ವರ್ಷಕ್ಕೆ 100 ದಿನದ ಬದಲು 125 ದಿನದ ಕೆಲಸ ಎಂದು ಅದು ಹೇಳುತ್ತದೆ. ಜೊತೆಗೆ, ಬಿತ್ತನೆ ಮತ್ತು ಕೊಯ್ಲಿನ ಕಾಲದಲ್ಲಿ ಒಟ್ಟು 60 ದಿನ ಈ ಕೆಲಸ ನಿಲ್ಲಿಸಬೇಕು, ಹೊಲಕ್ಕೆ ಆಳು ಸಿಗಬೇಕು ಎಂಬ ಕಟ್ಟಳೆಯೂ ಇದೆ. ಹೂಗ್ಯಂನ ಹೆಣ್ಣಾಳು ‘ಖಾತ್ರಿಲಿ ಅಷ್ಟು ಕೊಡ್ತಾರ’ ಎಂದು ಬಾಯಿಬಿಟ್ಟು ಕೇಳಲು ಸಾಧ್ಯವಾದದ್ದು ಹೊಲದವರಿಗೆ ಅವಳ ಅಗತ್ಯ ಹೆಚ್ಚಿದ್ದ ಆ ದಿನಗಳಲ್ಲೇ. ಆ ದಿನಗಳಲ್ಲೇ ಇನ್ನೊಂದು ಬಾಗಿಲು ಮುಚ್ಚಿದರೆ, ಹಳೆಯ ಎರಡು ದರ ಮತ್ತೆ ಊರಲ್ಲಿ ಓಡಾಡಲು ತಡವಾಗದು. ಕೆಲಸ ನಿಲ್ಲುವ ಅರವತ್ತು ದಿನಕ್ಕೆ ಹೊಲದ ಕೂಲಿಯನ್ನೂ ಪಂಚಾಯಿತಿಯ ಗೋಡೆಯ ಮೇಲೆ ಒಂದೇ ದರವಾಗಿ ಬರೆಯಿಸಬೇಕು ಎಂಬುದು ಆಕೆಯ ವಾದ. ಗ್ರಾಮಸಭೆಯಲ್ಲಿ ಅದನ್ನು ಎತ್ತಲು ಗುಂಪಿನವರ ಸಹಿ ಮಾಡಿಸುತ್ತಿದ್ದಾಳೆ.

ಅದರ ಜೊತೆಗೆ ಇನ್ನೊಂದು ದಾರಿಯನ್ನೂ ಅವರು ಹಿಡಿದಿದ್ದಾರೆ. ಮುಂದಿನ ರಾಗಿ ಕೊಯ್ಲಿಗೆ ದಿನಗೂಲಿಗೆ ಹೋಗದೆ ಎಕರೆಗಿಷ್ಟು ಎಂದು ಗುತ್ತಿಗೆ ಮಾತಾಡುವುದು. ಬಂದ ಹಣವನ್ನು ಗುಂಪಿನಲ್ಲಿ ತಲೆಗೆ ಸಮವಾಗಿ ಹಂಚಿಕೊಳ್ಳುವುದು. ಗುಂಪಿನಲ್ಲಿ ಕೆಲವು ಗಂಡಸರೂ ಇದ್ದಾರೆ, ಸಮ ಪಾಲಿಗೆ ಒಪ್ಪಿಯೇ ಸೇರಿದ್ದಾರೆ. ಹೊಲದವರಲ್ಲಿ ಕೆಲವರು ಸರಿ ಅಂದಿದ್ದಾರೆ. ಕೊಯ್ಲಿಗೆ ಮಿಷನ್ ತರಿಸುತ್ತೇವೆ ಅಂದವರೂ ಇದ್ದಾರೆ. ಇಳಿಜಾರಿನ ಸಣ್ಣ ಹೊಲಗಳಿಗೆ ಮಿಷನ್ ಇಳಿಯುವುದು ಕಷ್ಟವೆಂದು ಗೊತ್ತಿರುವ ಹೆಂಗಸರು, ಎಕರೆಯ ದರ ಎಷ್ಟೆಂದು ಈಗಲೇ ಕೂತು ಲೆಕ್ಕ ಹಾಕುತ್ತಿದ್ದಾರೆ.